ಇಂಗ್ಲಿಷ್ ಮೋಡಲ್ ಕ್ರಿಯಾಪದಗಳ ಬೋಧನೆ: ಅರ್ಜಿ, ನಮೂನೆ ಹಾಗೂ ಸೂಚನೆಗಳನ್ನು ಅರಿಯುವ ಕ್ರಮ

1. ಪೀಠಿಕೆ

ಇಂಗ್ಲಿಷ್ ವಾಕ್ಯದಲ್ಲಿ ಮುಖ್ಯ ಕ್ರಿಯಾಪದಕ್ಕೆ ಮೊದಲು ಬಂದು ಕರ್ತವ್ಯ, ಅನುಮತಿ, ಸಾಮರ್ಥ್ಯ, ಸಾಧ್ಯತೆ ಅಥವಾ ನಿಷೇಧವನ್ನು ಸೂಚಿಸುವ ಸಹಾಯಕ ಪದಗಳಿಗೆ ಮೋಡಲ್ ಕ್ರಿಯಾಪದಗಳೆಂದು ಹೆಸರು. ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್ ಮತ್ತು ಮಸ್ಟ್ ಎಂಬ ಒಂಬತ್ತು ಪದಗಳು ಇವುಗಳಲ್ಲಿ ಪ್ರಮುಖವಾದವು.

ಕಲಬುರಗಿ ಜಿಲ್ಲೆಯ ಯಡ್ರಾಮಿಯು ಮೊದಲು ಜೇವರ್ಗಿ ತಾಲ್ಲೂಕಿಗೆ ಸೇರಿದ್ದು, 2017-18ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಅದಕ್ಕೂ ಮೊದಲು ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರು ಹಾಗೂ ಈಗ ಓದುತ್ತಿರುವ ಮಕ್ಕಳು ಬ್ಯಾಂಕ್, ವಿಮೆ, ನೇಮಕಾತಿ ಮತ್ತು ಪ್ರವೇಶ ಪರೀಕ್ಷೆಗಳ ಇಂಗ್ಲಿಷ್ ನಮೂನೆಗಳನ್ನು ಓದಬೇಕಾದ ಸಂದರ್ಭಗಳು ಬರುತ್ತವೆ. ಅಂತಹ ನಮೂನೆಯಲ್ಲಿ ಒಂದು ಚಿಕ್ಕ ಸಹಾಯಕ ಪದವನ್ನು ತಪ್ಪಾಗಿ ಅರ್ಥೈಸಿಕೊಂಡರೆ ಕಡ್ಡಾಯವಾದ ದಾಖಲೆಯು ಬಿಟ್ಟುಹೋಗಬಹುದು. ಇಲ್ಲವೇ ತನಗಿರುವ ಹಕ್ಕನ್ನು ಅರ್ಜಿದಾರರು ಬಳಸದೇ ಇರಬಹುದು. ಆದುದರಿಂದ ಈ ಪದಗಳ ಬೋಧನೆಯನ್ನು ಕಲಿಯುವವರಿಗೆ ಈಗಾಗಲೇ ಗೊತ್ತಿರುವ ಕನ್ನಡದ ರೂಪಗಳಿಂದಲೇ ಆರಂಭಿಸುವುದು ಸೂಕ್ತ.

2. ಕನ್ನಡ ಮತ್ತು ಇಂಗ್ಲಿಷ್ ರೂಪಗಳ ಹೋಲಿಕೆ

ಕನ್ನಡದಲ್ಲಿ ಈ ಅರ್ಥಗಳನ್ನು ಕ್ರಿಯಾಪದದ ಕೊನೆಗೆ ಸೇರುವ ರೂಪಗಳು ಸೂಚಿಸುತ್ತವೆ. ಸರ್ಕಾರಿ ಆದೇಶ ಹಾಗೂ ಅಧಿನಿಯಮಗಳ ಕನ್ನಡದಲ್ಲಿ ಇವು ನಿಶ್ಚಿತ ಸ್ಥಾನ ಪಡೆದಿವೆ.

(ಅ) ಸಲ್ಲಿಸತಕ್ಕದ್ದು, ಸಲ್ಲಿಸಬೇಕು: ಶಲ್, ಮಸ್ಟ್. ಇದು ಕಡ್ಡಾಯ.
(ಆ) ಸಲ್ಲಿಸಬಹುದು: ಮೇ. ಇದು ಅನುಮತಿ ಅಥವಾ ಆಯ್ಕೆ.
(ಇ) ಸಲ್ಲಿಸತಕ್ಕದ್ದಲ್ಲ, ಸಲ್ಲಿಸಕೂಡದು, ಸಲ್ಲಿಸಬಾರದು: ಶಲ್ ನಾಟ್, ಮಸ್ಟ್ ನಾಟ್. ಇದು ನಿಷೇಧ.
(ಈ) ಸಲ್ಲಿಸಬೇಕಾಗಿಲ್ಲ: ನೀಡ್ ನಾಟ್. ಇದು ವಿನಾಯಿತಿ.
(ಉ) ಓದಬಲ್ಲನು, ಓದಲು ಬರುತ್ತದೆ: ಕ್ಯಾನ್. ಇದು ಸಾಮರ್ಥ್ಯ. ಕಲಬುರಗಿ ಸೀಮೆಯ ಆಡುಮಾತಿನ ‘ಓದಲಾಕ ಬರತದ’ ಎಂಬುದೂ ಇದೇ ಅರ್ಥದ್ದು.
(ಊ) ಮಳೆ ಬಂದೀತು: ಮೈಟ್. ಇದು ಸಂಭವ. ಶಾಲಾ ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪವೆಂದು ಕಲಿಸುವುದು ಇದನ್ನೇ.

ರೂಪದ ವಿಷಯದಲ್ಲಿಯೂ ಒಂದು ಅನುಕೂಲವಿದೆ. ‘ನಾನು ಬರಬೇಕು, ಅವಳು ಬರಬೇಕು, ಅವರು ಬರಬೇಕು’ ಎನ್ನುವಾಗ ‘ಬೇಕು’ ಬದಲಾಗುವುದಿಲ್ಲ. ಅದೇ ರೀತಿ ಮಸ್ಟ್ ಕೂಡ ಯಾವ ಕರ್ತೃವಿನೊಂದಿಗೂ ಬದಲಾಗುವುದಿಲ್ಲ. ‘ಹಿ ಮಸ್ಟ್ಸ್ ಕಮ್’ ಅಥವಾ ‘ಹಿ ಮಸ್ಟ್ ಕಮ್ಸ್’ ಎಂದು ಬರೆಯುವ ವಿದ್ಯಾರ್ಥಿಗೆ ಈ ಕನ್ನಡ ವಾಕ್ಯಗಳನ್ನು ತೋರಿಸಿದರೆ ನಿಯಮವು ಸುಲಭವಾಗಿ ಮನದಟ್ಟಾಗುತ್ತದೆ.

3. ಸಾಮಾನ್ಯವಾಗಿ ಆಗುವ ತಪ್ಪುಗಳು

3.1 ನಿಷೇಧ ಮತ್ತು ವಿನಾಯಿತಿ: ಮಸ್ಟ್ ಎಂದರೆ ‘ಬೇಕು’ ಎಂದು ಕಲಿತವರು ಮಸ್ಟ್ ನಾಟ್ ಎಂದರೆ ‘ಬೇಕಾಗಿಲ್ಲ’ ಎಂದು ಭಾವಿಸುವುದುಂಟು. ಇದು ಅತ್ಯಂತ ಹಾನಿಕರವಾದ ತಪ್ಪು. ‘ಯು ಮಸ್ಟ್ ನಾಟ್ ಸೈನ್ ಹಿಯರ್’ ಎಂದರೆ ಇಲ್ಲಿ ಸಹಿ ಮಾಡಕೂಡದು ಎಂದರ್ಥ. ಸಹಿ ಮಾಡಿದರೆ ನಮೂನೆಯು ತಿರಸ್ಕೃತವಾಗುವ ಸಂಭವವಿದೆ. ‘ಯು ನೀಡ್ ನಾಟ್ ಸೈನ್ ಹಿಯರ್’ ಎಂದರೆ ಸಹಿ ಮಾಡಬೇಕಾಗಿಲ್ಲ, ಮಾಡಿದರೂ ದೋಷವಿಲ್ಲ. ಕನ್ನಡದ ‘ಬೇಡ’ ಎಂಬ ಒಂದೇ ಪದವು ‘ಹೋಗಬೇಡ’ ಎನ್ನುವಾಗ ನಿಷೇಧವನ್ನೂ ‘ನನಗೆ ಬೇಡ’ ಎನ್ನುವಾಗ ನಿರಾಕರಣೆಯನ್ನೂ ಸೂಚಿಸುತ್ತದೆ. ಈ ಭಾಗದ ದಖ್ಖನಿ ಉರ್ದುವಿನ ‘ನಕ್ಕೋ’ ಕೂಡ ಹಾಗೆಯೇ. ಆದುದರಿಂದ ಎರಡೂ ಮನೆಮಾತಿನ ಮಕ್ಕಳಿಗೆ ‘ಕೂಡದು’ ಮತ್ತು ‘ಬೇಕಾಗಿಲ್ಲ’ ಎಂಬ ಸ್ಪಷ್ಟ ರೂಪಗಳನ್ನೇ ಬಳಸಿ ವಿವರಿಸತಕ್ಕದ್ದು.

3.2 ಇಚ್ಛೆ ಮತ್ತು ಕರ್ತವ್ಯ: ‘ನನಗೆ ಪ್ರಮಾಣಪತ್ರ ಬೇಕು’ ಎಂಬುದು ಇಚ್ಛೆ; ‘ನಾನು ಹೋಗಬೇಕು’ ಎಂಬುದು ಕರ್ತವ್ಯ. ಎರಡಕ್ಕೂ ಕನ್ನಡದಲ್ಲಿ ‘ಬೇಕು’ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ನೀಡ್ ಅಥವಾ ವಾಂಟ್ ಬರುತ್ತದೆಯೇ ಹೊರತು ಮಸ್ಟ್ ಬರುವುದಿಲ್ಲ. ಮಸ್ಟ್ ನಂತರ ನಾಮಪದವಲ್ಲ, ಕ್ರಿಯಾಪದವೇ ಇರಬೇಕು.

3.3 ಜೋಡಿ ಪ್ರಯೋಗ: ‘ಮತ್ತೊಮ್ಮೆ ಬರಬೇಕಾಗಬಹುದು’ ಎಂಬಲ್ಲಿ ಕನ್ನಡವು ಎರಡು ಅರ್ಥಗಳನ್ನು ಒಂದೇ ಪದದಲ್ಲಿ ಸೇರಿಸುತ್ತದೆ. ಇದನ್ನು ಅನುಸರಿಸಿ ‘ಯು ಮೇ ಮಸ್ಟ್ ಕಮ್’ ಎಂದು ಬರೆಯುವುದು ತಪ್ಪು. ಪ್ರಮಾಣಿತ ಇಂಗ್ಲಿಷಿನಲ್ಲಿ ಎರಡು ಮೋಡಲ್ ಕ್ರಿಯಾಪದಗಳು ಒಟ್ಟಿಗೆ ನಿಲ್ಲುವುದಿಲ್ಲ; ‘ಯು ಮೇ ಹ್ಯಾವ್ ಟು ಕಮ್’ ಎಂಬುದೇ ಸರಿ.

3.4 ಶುಡ್ ಎಂಬ ಪದ: ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಲಹೆ ಎಂಬ ಅರ್ಥವೇ ಮುಂದಾಗಿರುತ್ತದೆ. ಆದರೆ ನಮ್ಮ ದೇಶದ ಕಚೇರಿ ಇಂಗ್ಲಿಷಿನಲ್ಲಿ, ವಿಶೇಷವಾಗಿ ಪರೀಕ್ಷಾ ಪ್ರವೇಶ ಪತ್ರಗಳಲ್ಲಿ, ‘ಅಭ್ಯರ್ಥಿಗಳು ಗುರುತಿನ ಚೀಟಿ ತರಬೇಕು’ ಎಂಬ ಕಡ್ಡಾಯ ಸೂಚನೆಗೂ ಶುಡ್ ಬಳಸುವ ರೂಢಿಯಿದೆ. ಸೂಚನಾ ಪತ್ರದಲ್ಲಿ ಶುಡ್ ಕಂಡಲ್ಲಿ ಕಡ್ಡಾಯವೆಂದೇ ತಿಳಿದು ನಡೆಯುವುದು ಕ್ಷೇಮಕರ.

4. ಒಂದು ಉದಾಹರಣೆ: ಮಾಹಿತಿ ಹಕ್ಕು ಅಧಿನಿಯಮ, 2005

ಶಲ್ ಮತ್ತು ಮೇ ಪದಗಳ ವ್ಯತ್ಯಾಸವನ್ನು ಕಲಿಸಲು ಈ ಅಧಿನಿಯಮದ ಇಂಗ್ಲಿಷ್ ಪಾಠವು ಬಹಳ ಉಪಯುಕ್ತ.

(ಅ) ಪ್ರಕರಣ 7(1)ರಲ್ಲಿ ಶಲ್ ಇದೆ. ಕೋರಿಕೆ ತಲುಪಿದ 30 ದಿನಗಳೊಳಗೆ ಸಾರ್ವಜನಿಕ ಮಾಹಿತಿ ಅಧಿಕಾರಿಯು ಮಾಹಿತಿ ನೀಡತಕ್ಕದ್ದು ಅಥವಾ ಅಧಿನಿಯಮದಲ್ಲಿ ಹೇಳಿದ ಕಾರಣಗಳ ಮೇಲೆ ನಿರಾಕರಿಸತಕ್ಕದ್ದು. ವ್ಯಕ್ತಿಯ ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ ಅವಧಿಯು 48 ಗಂಟೆ.
(ಆ) ಪ್ರಕರಣ 6(2)ರಲ್ಲಿ ಶಲ್ ನಾಟ್ ಇದೆ. ಮಾಹಿತಿ ಏಕೆ ಬೇಕು ಎಂಬುದಕ್ಕೆ ಅರ್ಜಿದಾರರಿಂದ ಕಾರಣ ಕೇಳತಕ್ಕದ್ದಲ್ಲ.
(ಇ) ಪ್ರಕರಣ 19(1)ರಲ್ಲಿ ಮೇ ಇದೆ. ನಿರ್ಣಯ ದೊರೆಯದಿದ್ದಲ್ಲಿ ಅಥವಾ ಅದರಿಂದ ಬಾಧಿತರಾದಲ್ಲಿ ಅರ್ಜಿದಾರರು 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಮೊದಲನೆಯದು ಅಧಿಕಾರಿಯ ಕರ್ತವ್ಯ. ಎರಡನೆಯದು ಅಧಿಕಾರಿಯ ಮೇಲಿನ ನಿರ್ಬಂಧ. ಮೂರನೆಯದು ನಾಗರಿಕರ ಆಯ್ಕೆ. 7(1)ರ ಶಲ್ ಪದವನ್ನು ‘ನೀಡಬಹುದು’ ಎಂದು ಓದಿದ ನಾಗರಿಕರು ಉತ್ತರ ಬಾರದಿದ್ದರೆ ಸುಮ್ಮನಾಗುತ್ತಾರೆ. ‘ನೀಡತಕ್ಕದ್ದು’ ಎಂದು ಓದಿದವರು ಮೇಲ್ಮನವಿಯ ದಿನಗಳನ್ನು ಎಣಿಸುತ್ತಾರೆ.

ಇಂಗ್ಲಿಷ್ ಬಾರದವರು ಇದರಿಂದ ಹಿಂಜರಿಯಬೇಕಾಗಿಲ್ಲ. ಪ್ರಕರಣ 6(1)ರ ಪ್ರಕಾರ ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ, ಅಂದರೆ ಇಲ್ಲಿ ಕನ್ನಡದಲ್ಲಿ, ಕೋರಿಕೆ ಸಲ್ಲಿಸಲು ಅವಕಾಶವಿದೆ. ಬರೆಯಲು ಬಾರದವರ ಮೌಖಿಕ ಕೋರಿಕೆಯನ್ನು ಬರಹಕ್ಕೆ ಇಳಿಸಲು ಅಧಿಕಾರಿಯು ನೆರವು ನೀಡತಕ್ಕದ್ದು.

5. ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ

(1) ಮಕ್ಕಳು ದಿನವೂ ಹೇಳುವ ‘ಮೇ ಐ ಕಮ್ ಇನ್’ ಎಂಬ ವಾಕ್ಯದಿಂದ ಆರಂಭಿಸುವುದು. ಇದು ಅನುಮತಿಯ ವಾಕ್ಯವೆಂದು ತಿಳಿಸಿ, ಮೇ ಜಾಗದಲ್ಲಿ ಮಸ್ಟ್ ಹಾಕಿದರೆ ಅರ್ಥ ಹೇಗೆ ಬದಲಾಗುವುದೆಂದು ಕೇಳುವುದು.
(2) ಬಸ್ ನಿಲ್ದಾಣ, ಆಸ್ಪತ್ರೆ ಹಾಗೂ ಪಂಚಾಯಿತಿ ಕಚೇರಿಯ ಕನ್ನಡ ಫಲಕಗಳನ್ನು ಬರೆದುಕೊಂಡು ಬರಲು ಹೇಳಿ, ಅವುಗಳನ್ನು ಕಡ್ಡಾಯ, ಅನುಮತಿ, ನಿಷೇಧ, ವಿನಾಯಿತಿ ಎಂದು ನಾಲ್ಕು ಗುಂಪುಗಳಾಗಿ ವಿಂಗಡಿಸುವುದು.
(3) ಪ್ರತಿ ಗುಂಪಿಗೆ ಒಂದೊಂದು ಇಂಗ್ಲಿಷ್ ಪದವನ್ನು ಮಾತ್ರ ಮೊದಲು ಕೊಡುವುದು: ಮಸ್ಟ್, ಮೇ, ಮಸ್ಟ್ ನಾಟ್, ನೀಡ್ ನಾಟ್. ಒಂಬತ್ತು ಪದಗಳನ್ನು ಒಂದೇ ದಿನ ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದು ಗೊಂದಲಕ್ಕೆ ಕಾರಣವಾಗುತ್ತದೆ.
(4) ಭರ್ತಿ ಮಾಡದ ಬ್ಯಾಂಕ್ ನಮೂನೆ ಅಥವಾ ಹಳೆಯ ಪರೀಕ್ಷಾ ಸೂಚನಾ ಪತ್ರವನ್ನು ನೀಡಿ, ಮೋಡಲ್ ಪದಗಳ ಕೆಳಗೆ ಗೆರೆ ಎಳೆಸಿ, ಪ್ರತಿ ವಾಕ್ಯವನ್ನು ಕನ್ನಡದಲ್ಲಿ ಹೇಳಿಸುವುದು.
(5) ಕೊನೆಯಲ್ಲಿ ವಿನಯದ ಕೋರಿಕೆಗಳನ್ನು ಕಲಿಸುವುದು. ಈ ಭಾಗದ ಮಾತಿನಲ್ಲಿ ‘ಸ್ವಲ್ಪ ನೋಡ್ರಿ’ ಎಂಬಲ್ಲಿನ ‘ರಿ’ ನೀಡುವ ಗೌರವವನ್ನು ಇಂಗ್ಲಿಷಿನಲ್ಲಿ ಕುಡ್ ಮತ್ತು ವುಡ್ ನೀಡುತ್ತವೆ: ‘ಕುಡ್ ಯು ಪ್ಲೀಸ್ ಚೆಕ್ ದಿಸ್’.

6. ಅರ್ಜಿದಾರರ ಗಮನಕ್ಕೆ

ಇಂಗ್ಲಿಷ್ ನಮೂನೆಗೆ ಸಹಿ ಮಾಡುವ ಮೊದಲು ಶಲ್, ಮಸ್ಟ್, ಶುಡ್ ಪದಗಳಿರುವ ಸಾಲುಗಳನ್ನು ಗುರುತಿಸಿ, ಅವುಗಳಲ್ಲಿ ಹೇಳಿದ್ದೆಲ್ಲವನ್ನೂ ಪೂರೈಸಲಾಗಿದೆಯೇ ಎಂದು ಪರಿಶೀಲಿಸಬೇಕು. ನಾಟ್ ಇರುವ ಸಾಲುಗಳನ್ನು ಪ್ರತ್ಯೇಕವಾಗಿ ಓದಬೇಕು. ಅರ್ಥವಾಗದ ಸಾಲನ್ನು ಬಲ್ಲವರಿಂದ ಓದಿಸಿಕೊಳ್ಳುವುದು ಒಳಿತು. ಕಾನೂನಿನ ಪಾಠದಲ್ಲಿ ಈ ಪದಗಳ ಅಂತಿಮ ಅರ್ಥವನ್ನು ನ್ಯಾಯಾಲಯಗಳು ಸಂದರ್ಭವನ್ನು ನೋಡಿ ನಿರ್ಣಯಿಸುತ್ತವೆ. ಇಲ್ಲಿನ ವಿವರಣೆಯು ಭಾಷಾ ತಿಳಿವಳಿಕೆಗಾಗಿ ಮಾತ್ರ.