ಕಿಟಕಿ ತೆರೆಯದ ಕಚೇರಿಗಳು

ಕಚೇರಿಗಳಿಗೆ ವೈರಿಂಗ್ ಮಾಡುವುದು ನನ್ನ ಕಸುಬು. ಎಂಬತ್ತರ ದಶಕದಲ್ಲಿ ಲೈಸೆನ್ಸ್ ಕೈಗೆ ಬಂದಾಗಿನಿಂದ ಬೆಂಗಳೂರಿನ ಕಚೇರಿಗಳನ್ನು ನಾನು ಹೆಚ್ಚಾಗಿ ನೋಡಿದ್ದು ರಾತ್ರಿ ಹೊತ್ತು, ಎಲ್ಲರೂ ಮನೆಗೆ ಹೋದ ಮೇಲೆ, ಏಣಿಯ ಮೇಲೆ ನಿಂತು. ಇಲ್ಲಿನ ಕಚೇರಿಗಳ ಚರಿತ್ರೆ ಬರೆಯುವವರು ಕಂಪನಿಗಳ ಹೆಸರಿನಿಂದ ಶುರುಮಾಡುತ್ತಾರೆ. ನನಗೆ ಕಾಡುವುದು ಕಿಟಕಿ. ವರ್ಷದ ಬಹುಪಾಲು ದಿನ ಫ್ಯಾನೂ ಬೇಡವೆನ್ನಿಸುವ ಊರಿನಲ್ಲಿ ಲಕ್ಷಾಂತರ ಜನ ತೆರೆಯಲಾಗದ ಗಾಜಿನ ಹಿಂದೆ ಕೂರುವಂತಾಯಿತಲ್ಲ, ಅದು ಹೇಗಾಯಿತು?

1868ರಲ್ಲಿ ಅಠಾರಾ ಕಚೇರಿ ಕಟ್ಟಿ ಮುಗಿದಾಗ ಊರಿಗೆ ವಿದ್ಯುತ್ತೇ ಬಂದಿರಲಿಲ್ಲ. ಕೋಟೆಯ ಬಳಿ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಸರ್ಕಾರಿ ಇಲಾಖೆಗಳು ಈಗಿನ ಕಬ್ಬನ್ ಪಾರ್ಕಿನ ಅಂಚಿನ ಈ ಕಟ್ಟಡಕ್ಕೆ ಬಂದವು. ಗುಮಾಸ್ತ ಲೆಕ್ಕ ಬರೆಯಬೇಕೆಂದರೆ ಹಗಲ ಬೆಳಕೇ ಗತಿ. ಅದಕ್ಕೇ ಆ ಕಟ್ಟಡ ಉದ್ದಕ್ಕೆ ಚಾಚಿಕೊಂಡಿದೆ, ಎತ್ತರದ ಕಿಟಕಿಗಳಿವೆ, ನೆರಳಿಗೆ ವರಾಂಡವಿದೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ದೀಪ ಬಂದ ಮೇಲೂ ಕಟ್ಟುವವರು ಕಿಟಕಿಯನ್ನು ಕೈಬಿಡಲಿಲ್ಲ. 1956ರಲ್ಲಿ ಮುಗಿದ ಕೆಂಗಲ್ ಹನುಮಂತಯ್ಯನವರ ವಿಧಾನಸೌಧವನ್ನೇ ನೋಡಿ, ಅಷ್ಟು ದೊಡ್ಡ ಕಲ್ಲುಕಟ್ಟಡದ ನಡುವೆಯೂ ಬೆಳಕಿಗೆಂದು ತೆರೆದ ಅಂಗಳ ಬಿಟ್ಟಿದ್ದಾರೆ.

ಕಿಟಕಿಯನ್ನು ಮೊದಲು ಮುಚ್ಚಿಸಿದ್ದು ಕಂಪ್ಯೂಟರ್. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ಗೆ ಬಂದ ಕಾಲ. ನಮ್ಮಂಥವರಿಗೆ ಸಿಗುತ್ತಿದ್ದುದು ಸಣ್ಣಪುಟ್ಟ ಆಫೀಸುಗಳ ಕೆಲಸ. ಹಾಲಿನ ಒಂದು ಮೂಲೆಗೆ ಪ್ಲೈವುಡ್ಡು, ಗಾಜು ಸೇರಿಸಿ ಪಾರ್ಟಿಷನ್ ಹಾಕಿದರೆ ಅದು ಕಂಪ್ಯೂಟರ್ ರೂಮು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಒಂದೂವರೆ ಟನ್ನಿನ ಎಸಿ ಕೂರಿಸಲು ಕಿಟಕಿಯ ಸರಳು ಕತ್ತರಿಸಿ, ಉಳಿದ ಜಾಗಕ್ಕೆ ಹಲಗೆ ಬಡಿದು, ಸಂದಿಗೊಂದಿಗೆಲ್ಲ ಪುಟ್ಟಿ ಮೆತ್ತುತ್ತಿದ್ದೆವು. ಧೂಳು ಹೊಕ್ಕರೆ ಮೆಷಿನ್ ಹಾಳಾಗುತ್ತದೆಂಬ ಭಯ. ಪಾರ್ಟಿಷನ್ನಿನ ಈಚೆ ಅಕೌಂಟ್ಸ್‌ನವರು ಕಿಟಕಿ ತೆರೆದಿಟ್ಟುಕೊಂಡು, ಹಾರುವ ಕಾಗದದ ಮೇಲೆ ಪೇಪರ್‌ವೇಟ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಆಮೇಲೆ ಪ್ರತಿ ಮೇಜಿಗೂ ಕಂಪ್ಯೂಟರ್ ಬಂತು. ಆ ಪುಟ್ಟ ರೂಮೇ ಬೆಳೆದು ಇಡೀ ಮಹಡಿಯನ್ನು ನುಂಗಿತು.

ಆದರೂ ಹತ್ತು ಹನ್ನೆರಡು ವರ್ಷ ಕಿಟಕಿಯನ್ನು ಕಾಪಾಡಿದ್ದು ಪವರ್ ಕಟ್. ರಾಜ್ಯ ಬಹುಮಟ್ಟಿಗೆ ಶರಾವತಿಯ ಜಲವಿದ್ಯುತ್ತನ್ನು ನಂಬಿಕೊಂಡಿದ್ದ ದಿನಗಳು ಅವು. ಮಳೆ ಕೈಕೊಟ್ಟರೆ ವಿದ್ಯುತ್ ಮಂಡಳಿ ಕೆಇಬಿಯೂ ಕೈಯೆತ್ತುತ್ತಿತ್ತು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದವನು ತೆರೆಯಲಾಗದ ಗಾಜು ಹಾಕಿಸುವುದಿಲ್ಲ. ಆ ಅಡಚಣೆಯನ್ನೂ ನೀಗಿಸಿದ್ದು ಟೆಕ್ ಪಾರ್ಕು. ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಶುರುಮಾಡಿದಾಗ ಅದು ಕಾರ್ಖಾನೆಗಳ ಬಡಾವಣೆ. ತೊಂಬತ್ತರ ದಶಕದಲ್ಲಿ ಟಾಟಾ, ಸಿಂಗಪುರದ ಕಂಪನಿಗಳು ಮತ್ತು ಕರ್ನಾಟಕ ಸರ್ಕಾರ ಕೂಡಿ ವೈಟ್‌ಫೀಲ್ಡಿನಲ್ಲಿ ಕಟ್ಟಿದ ಐಟಿಪಿಎಲ್ ಟೆಕ್ ಪಾರ್ಕಿನ ಬಗೆಯೇ ಬೇರೆ. ಅದಕ್ಕೆ ಸ್ವಂತ ವಿದ್ಯುತ್ ಸ್ಥಾವರವೇ ಇತ್ತು. ಕಾಂಪೌಂಡಿನ ಹೊರಗಿನ ಹಳ್ಳಿ ಕತ್ತಲಲ್ಲಿದ್ದರೂ ಒಳಗೆ ಎಸಿ ನಿಲ್ಲದು. ಕಿಟಕಿಗೆ ಉಳಿದಿದ್ದ ಕೊನೆಯ ಕೆಲಸವೂ ಹೋಯಿತು.

ಮುಂದೆ ಹೊರವರ್ತುಲ ರಸ್ತೆಯಲ್ಲಿ, ನಾಗವಾರದಲ್ಲಿ ಎದ್ದ ಪಾರ್ಕುಗಳಲ್ಲಿ ಕಟ್ಟಡದ ಮೈ ಅಗಲವಾಯಿತು. ಬಾಡಿಗೆ ಚದರಡಿ ಲೆಕ್ಕ; ಒಂದೇ ಮಹಡಿ ವಿಶಾಲವಾದಷ್ಟೂ ಸೀಟು ಹೆಚ್ಚು, ದೊಡ್ಡ ಕಂಪನಿಗೆ ಅನುಕೂಲ. ನಡುವೆ ಕುಳಿತವರಿಗೆ ಹೊರಗೆ ಮಳೆಯೋ ಬಿಸಿಲೋ ತಿಳಿಯದು. ವಿಚಿತ್ರವೆಂದರೆ ಅಷ್ಟರಲ್ಲಿ ಮೇಜಿನ ಮೇಲಿನ ಕಂಪ್ಯೂಟರಿಗೆ ಆ ತಂಪು ಬೇಕಿರಲಿಲ್ಲ. ತಂಪು ಬೇಕಾದ ಸರ್ವರ್‌ಗಳು ಬೇರೆಡೆಗೆ ಹೋದವು, ಅವುಗಳಿಗಾಗಿ ಹುಟ್ಟಿದ ಚಳಿ ಮನುಷ್ಯರ ಪಾಲಿಗೆ ಉಳಿಯಿತು. ರಾತ್ರಿ ಕೇಬಲ್ ಎಳೆಯಲು ಹೋದಾಗ ಏಪ್ರಿಲ್ ತಿಂಗಳಲ್ಲೂ ಕುರ್ಚಿಗಳ ಬೆನ್ನಿಗೆ ಶಾಲು, ಸ್ವೆಟರು. ಒಂದು ಸಲ ಎಸಿ ನಿಲ್ಲಿಸಿದ ಮಹಡಿಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೇಳಿದಳು: “ಅಣ್ಣಾ, ಒಂದು ಕಿಟಕಿನಾದ್ರೂ ತೆಗೆಯೋ ಹಂಗೆ ಮಾಡಬಾರದಿತ್ತಾ? ಫಿನಾಯಿಲ್ ವಾಸ್ನೆಗೆ ತಲೆ ಸಿಡೀತದೆ.” ಹಗಲಿನವರಿಗಾಗಿ ಲೆಕ್ಕ ಹಾಕಿದ ಗಾಳಿಯಲ್ಲಿ ರಾತ್ರಿಯವರ ಪಾಲು ಇರಲೇ ಇಲ್ಲ. ಅವಳಿಗೆ ಉತ್ತರ ಕೊಡುವ ಅಧಿಕಾರ ಆ ಕಟ್ಟಡದಲ್ಲಿ ಯಾರಿಗಿತ್ತೋ.

ಇದೇ ಪ್ರಶ್ನೆಯನ್ನು ಕೊರೋನಾ ಕಾಲದಲ್ಲಿ ದೊಡ್ಡವರೂ ಕೇಳಿದರು. 2020ರ ಮಾರ್ಚಿನಲ್ಲಿ ಖಾಲಿಯಾದ ಕಚೇರಿಗಳನ್ನು ಮತ್ತೆ ತೆರೆಯುವಾಗ ಎಲ್ಲ ಕಡೆ ಒಂದೇ ಮಾತು, ಹೊರಗಿನ ಗಾಳಿ ಒಳಗೆ ಆಡಲಿ. ಒಂದು ಪಾರ್ಕಿನ ಮ್ಯಾನೇಜರ್ ನನ್ನನ್ನು ಮಹಡಿಯ ಸುತ್ತ ನಡೆಸಿದರು. ತೆರೆಯುವಂತಿದ್ದದ್ದು ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಒಳಬರಲೆಂದು ಬಿಟ್ಟ ಗಾಜು ಮಾತ್ರ. ಹೊರಗಾಳಿ ಎಳೆಯುವ ಫ್ಯಾನು ಚಿಕ್ಕದು, ಡಕ್ಟೂ ಕಿರಿದು. ಕೊನೆಗೆ ಇದ್ದ ಫ್ಯಾನನ್ನೇ ಹೆಚ್ಚು ಹೊತ್ತು ಓಡಿಸಿದರು, ಬಿಲ್ಲು ಏರಿತು.

ಬೇರೆ ದಾರಿ ಇಲ್ಲವೆಂದಲ್ಲ. ಇನ್ಫೋಸಿಸ್ ಹೈದರಾಬಾದಿನ ಪೋಚಾರಂನಲ್ಲಿ ಒಂದೇ ಕಟ್ಟಡವನ್ನು ಎರಡು ಸಮಪಾಲು ಮಾಡಿ, ಒಂದಕ್ಕೆ ಮಾಮೂಲಿ ಎಸಿ, ಇನ್ನೊಂದಕ್ಕೆ ಕಾಂಕ್ರೀಟಿನೊಳಗೆ ತಣ್ಣೀರು ಹರಿಯುವ ಕೊಳವೆ ಹಾಕಿ ನೋಡಿತು. ತಣ್ಣೀರಿನ ಪಾಲಿನಲ್ಲಿ ತಂಪಿಗೆ ಹಿಡಿದ ವಿದ್ಯುತ್ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹೊರಗಿನ ಬೆಳಕು ಒಳಗಿನವರೆಗೆ ಬೀಳಲೆಂದು ಕಟ್ಟಡದ ಅಗಲವನ್ನೂ ಕಿರಿದಾಗಿಸಿದ್ದರು. ಅಲ್ಲಿ ಕಟ್ಟಿಸಿದವರೂ ಕೂರುವವರೂ ಬಿಲ್ಲು ಕಟ್ಟುವವರೂ ಒಬ್ಬರೇ, ಹಾಗಾಗಿ ಲೆಕ್ಕ ಕೂಡಿತು. ಬಾಡಿಗೆಯ ಪಾರ್ಕಿನಲ್ಲಿ ಕಟ್ಟುವವರು ಒಬ್ಬರು, ಕರೆಂಟಿನ ಬಿಲ್ಲು ಕಟ್ಟುವವರು ಇನ್ನೊಬ್ಬರು. 2019ರಲ್ಲಿ ಎಂಬೆಸಿ ಆಫೀಸ್ ಪಾರ್ಕ್ಸ್ ದೇಶದ ಮೊದಲ ರೀಟ್ (ಬಾಡಿಗೆ ಕಟ್ಟಡಗಳಲ್ಲಿ ಜನ ಪಾಲು ಕೊಳ್ಳುವ ಟ್ರಸ್ಟ್) ಆಗಿ ಷೇರುಪೇಟೆಗೆ ಬಂದ ಮೇಲೆ ಬಾಡಿಗೆಯ ಪಾಲುದಾರರು ಊರೂರಲ್ಲಿದ್ದಾರೆ, ಒಂದೊಂದು ಚದರಡಿಗೂ ಅವರಿಗೆ ಲೆಕ್ಕ ಒಪ್ಪಿಸಬೇಕು. ತೆರೆಯುವ ಕಿಟಕಿಗೆ ಚೌಕಟ್ಟು, ಕೀಲು, ಸೊಳ್ಳೆಪರದೆ ಎಂದು ಖರ್ಚು ಮಾಡುವವನು ಮಾಲೀಕ, ಅದರಿಂದ ಉಳಿತಾಯವಾಗುವುದು ಬಾಡಿಗೆದಾರನಿಗೆ. ಹೊಸ ಕಟ್ಟಡದ ನಕ್ಷೆ ಬಿಚ್ಚಿದಾಗಲೆಲ್ಲ ಕಿಟಕಿಯ ವಿಷಯ ಎತ್ತುತ್ತೇನೆ. ಇಬ್ಬರೂ ಒಪ್ಪುತ್ತಾರೆ, ಆ ಹಣ ಯಾರ ಎಸ್ಟಿಮೇಟಿಗೆ ಸೇರಬೇಕು ಎಂಬಲ್ಲಿ ಮಾತು ನಿಲ್ಲುತ್ತದೆ.