ದೂರಶಿಕ್ಷಣದಲ್ಲಿ ವಿದ್ಯಾರ್ಥಿಯ ಪೂರ್ವಸಿದ್ಧತೆ: ಒಂದು ಚಾರಿತ್ರಿಕ ಅವಲೋಕನ

ಅಂತರಜಾಲದ ಮೂಲಕ ನಡೆಯುವ ಕಾಲೇಜು ಪಾಠಗಳಿಗೆ ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಪ್ರಶ್ನೆಯು ತೀರ ಇತ್ತೀಚಿನದೆಂಬ ಭಾವನೆ ಸಾಮಾನ್ಯವಾಗಿದೆ. ಉಪಕರಣವು ಹೊಸದೆಂಬುದು ನಿಜ, ಪ್ರಶ್ನೆಯು ಹೊಸದಲ್ಲ. ಅಧ್ಯಾಪಕನು ಒಂದೆಡೆ, ವಿದ್ಯಾರ್ಥಿಯು ಇನ್ನೊಂದೆಡೆ ಇದ್ದು ಪಾಠವು ನಡೆಯಬೇಕಾದಾಗಲೆಲ್ಲ, ತರಗತಿಯು ತಾನಾಗಿಯೇ ಒದಗಿಸುತ್ತಿದ್ದ ಕಾಲನಿಯಮ, ಸಹಪಾಠಿಗಳ ಒಡನಾಟ, ಸಂದೇಹವನ್ನು ಕೇಳುವ ಅವಕಾಶ ಇವುಗಳನ್ನು ವಿದ್ಯಾರ್ಥಿಯೇ ಕಟ್ಟಿಕೊಳ್ಳಬೇಕಾಗುತ್ತದೆ. ಅದನ್ನು ಅವನಿಗೆ ಕಲಿಸಬೇಕಾದವರು ಯಾರು? ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಹೊಸ ಸನ್ನದಿನ ಮೇರೆಗೆ, ಯಾವ ಕಾಲೇಜಿಗೂ ಸೇರದವರಿಗೂ ತನ್ನ ಪದವಿ ಪರೀಕ್ಷೆಗಳನ್ನು ತೆರೆಯಿತು. ಇದೊಂದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೆರೆದದ್ದು ಪರೀಕ್ಷೆಯ ಬಾಗಿಲೇ ಹೊರತು ಪಾಠದ ಬಾಗಿಲಲ್ಲ. ಅಭ್ಯರ್ಥಿಯು ಹೇಗೆ ಓದಿ ಬರುತ್ತಾನೆಂಬುದು ಅವನಿಗೆ ಬಿಟ್ಟ ವಿಷಯವಾಗಿತ್ತು. ಈ ತೆರವನ್ನು ತುಂಬಿದವರು ಹೊರಗಿನವರು. 1887ರಲ್ಲಿ ವಿಲಿಯಂ ಬ್ರಿಗ್ಸ್ ಎಂಬಾತನು ಕೇಂಬ್ರಿಜ್‌ನಲ್ಲಿ ಯೂನಿವರ್ಸಿಟಿ ಕರೆಸ್ಪಾಂಡೆನ್ಸ್ ಕಾಲೇಜನ್ನು ಸ್ಥಾಪಿಸಿ, ಲಂಡನ್ ಪರೀಕ್ಷೆಗಳಿಗೆ ಕುಳಿತುಕೊಳ್ಳುವವರಿಗೆ ಅಂಚೆಯ ಮೂಲಕ ತರಬೇತು ನೀಡತೊಡಗಿದನು. ಮುಂದೆ ಕಾದಂಬರಿಕಾರನೆಂದು ಖ್ಯಾತನಾದ ಎಚ್. ಜಿ. ವೆಲ್ಸ್ ಅಲ್ಲಿ ಬೋಧಕನಾಗಿದ್ದನು. 1893ರಲ್ಲಿ ಪ್ರಕಟವಾದ ಅವನ ಜೀವಶಾಸ್ತ್ರದ ಪಠ್ಯವು ಇಂಥ ವಿದ್ಯಾರ್ಥಿಗಳಿಗಾಗಿಯೇ ರಚಿತವಾದದ್ದು. ಹೀಗೆ ಪೂರ್ವಸಿದ್ಧತೆಯು ಮೊದಲಿಗೆ ವಿಶ್ವವಿದ್ಯಾನಿಲಯದ ಕರ್ತವ್ಯವಾಗಿರದೆ, ಶುಲ್ಕ ಕೊಡಬಲ್ಲವರು ಕೊಂಡುಕೊಳ್ಳುವ ಪದಾರ್ಥವಾಗಿತ್ತು.

ಈ ಸ್ಥಿತಿಯು ಬದಲಾದದ್ದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯದಿಂದ. ಅದಕ್ಕೆ 1969ರಲ್ಲಿ ಸನ್ನದು ದೊರೆಯಿತು; 1971ರ ಜನವರಿಯಲ್ಲಿ ಪಾಠಗಳು ಆರಂಭವಾದುವು. ಪ್ರವೇಶಕ್ಕೆ ಯಾವ ಪೂರ್ವ ಪರೀಕ್ಷೆಯೂ ಬೇಕಿರಲಿಲ್ಲ. ಬಾಗಿಲನ್ನು ಇಷ್ಟು ಅಗಲವಾಗಿ ತೆರೆದವರು ಒಳಗೆ ಬಂದವರ ಗತಿಯೇನೆಂಬುದನ್ನೂ ಯೋಚಿಸಿದ್ದರೆಂಬುದು ಗಮನಾರ್ಹ. ಪದವಿಗೆ ಬೇಕಾದ ಆರು ಘಟಕಗಳಲ್ಲಿ ಎರಡು ಬುನಾದಿ ಪಾಠಗಳಾಗಿರಬೇಕೆಂದು ವಿಧಿಸಲಾಯಿತು. ಈ ಪಾಠಗಳು ವಿಷಯವನ್ನು ಬೋಧಿಸುವುದರೊಡನೆ, ಪದವಿಯ ಮಟ್ಟದಲ್ಲಿ ಓದುವ, ಬರೆಯುವ, ವಾದವನ್ನು ಕಟ್ಟುವ ಕ್ರಮವನ್ನೂ ಕಲಿಸಬೇಕಾಗಿದ್ದುವು. ಪ್ರತಿಯೊಬ್ಬನಿಗೂ ಒಬ್ಬ ಸಲಹೆಗಾರ, ಸಮೀಪದಲ್ಲೊಂದು ಅಧ್ಯಯನ ಕೇಂದ್ರ, ಬೇಸಗೆಯಲ್ಲಿ ಒಂದು ವಾರದ ವಸತಿ ಶಿಬಿರ ಇವುಗಳ ಏರ್ಪಾಡಾಯಿತು. ಇವೆಲ್ಲಕ್ಕೂ ಮಿಗಿಲಾಗಿ, ಮೊದಲ ಕೆಲವು ತಿಂಗಳ ದಾಖಲಾತಿಯು ತಾತ್ಕಾಲಿಕವಾದುದಾಗಿತ್ತು. ವಾರದಲ್ಲಿ ಎಷ್ಟು ಹೊತ್ತನ್ನು ತಾನು ಓದಿಗೆ ಮೀಸಲಿಡಬಲ್ಲೆನೆಂಬುದನ್ನು ವಿದ್ಯಾರ್ಥಿಯು ಅನುಭವದಿಂದಲೇ ಅರಿತು, ಬಳಿಕ ಪೂರ್ಣ ಶುಲ್ಕವನ್ನು ತೆರಬಹುದಾಗಿತ್ತು. ಆ ವರ್ಷ ತಾತ್ಕಾಲಿಕವಾಗಿ ಸೇರಿದ ಸುಮಾರು 24,000 ಮಂದಿಯಲ್ಲಿ ಐದರಲ್ಲಿ ನಾಲ್ಕು ಭಾಗದಷ್ಟು ಜನ ಮುಂದುವರಿದರು.

ಹಳೆಯ ಸಂಪ್ರದಾಯದ ಎಳೆಯೊಂದು ಇಲ್ಲಿಗೂ ಬಂದು ಸೇರುತ್ತದೆ. 1963ರಲ್ಲಿ ಮೈಕೆಲ್ ಯಂಗ್ ಮತ್ತು ಬ್ರಯನ್ ಜಾಕ್ಸನ್ ಸ್ಥಾಪಿಸಿದ ನ್ಯಾಷನಲ್ ಎಕ್ಸ್‌ಟೆನ್‌ಷನ್ ಕಾಲೇಜು, ಬ್ರಿಗ್ಸ್‌ನ ಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಮುಕ್ತ ವಿಶ್ವವಿದ್ಯಾನಿಲಯವನ್ನು ಸೇರಬಯಸುವವರಿಗಾಗಿ ಹೆಬ್ಬಾಗಿಲೆಂಬ ಅರ್ಥದ ಹೆಸರಿನ ಪೂರ್ವಭಾವಿ ಪಾಠಗಳನ್ನು ನಡೆಸಿದ್ದು ಈ ಕಾಲೇಜೇ. ಇಷ್ಟೆಲ್ಲ ಇದ್ದರೂ, ಮೊದಲ ತಂಡದಲ್ಲಿ ಅತಿ ದೊಡ್ಡ ವರ್ಗವು ಶಾಲೆಯ ಉಪಾಧ್ಯಾಯರದೇ ಆಗಿತ್ತು. ಕಾರ್ಖಾನೆಯ ಕೂಲಿಕಾರರು ಕೆಲವರೇ. ಓದಿನ ಅಭ್ಯಾಸವಿದ್ದವರೇ ತೆರೆದ ಬಾಗಿಲನ್ನು ಮೊದಲು ಕಂಡರೆಂಬುದು ಇದರಿಂದ ತಿಳಿದುಬರುತ್ತದೆ.

ನಮ್ಮ ದೇಶದಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣವು 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಮೊದಲಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನೌಕರಿಯಲ್ಲಿದ್ದವರಿಗೂ, ಓದನ್ನು ಅರ್ಧಕ್ಕೇ ನಿಲ್ಲಿಸಿದ ಗೃಹಿಣಿಯರಿಗೂ ಇದರಿಂದಾದ ಉಪಕಾರವು ಅಲ್ಪವಲ್ಲ. ಅಚ್ಚಾದ ಪಾಠಗಳು ಹಾಗೂ ಅಲ್ಪಾವಧಿಯ ಸಂಪರ್ಕ ತರಗತಿಗಳು ಈ ಪದ್ಧತಿಯ ಆಧಾರಸ್ತಂಭಗಳು. ಆದರೆ ಸಂಪರ್ಕ ತರಗತಿಯು ಓದಿನ ನಡುವೆ ಬರುವಂಥದು; ಏಕಾಂತದಲ್ಲಿ ಓದುವುದು ಹೇಗೆಂಬುದನ್ನು ವಿದ್ಯಾರ್ಥಿಯು ಅದಕ್ಕೆ ಮೊದಲೇ ಅರಿತಿರಬೇಕಾಗುತ್ತದೆ. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು, ಹನ್ನೆರಡನೆಯ ತರಗತಿಯನ್ನು ಮುಗಿಸದವರಿಗೆ ಪದವಿಪೂರ್ವ ಸಿದ್ಧತಾ ಪಾಠಕ್ರಮವೊಂದನ್ನು ಏರ್ಪಡಿಸಿದ್ದು ಈ ದೃಷ್ಟಿಯಿಂದ ಮಹತ್ವದ್ದು. ಪೂರ್ವಸಿದ್ಧತೆಯೂ ಬೋಧನೆಯ ಭಾಗವೆಂಬ ತತ್ತ್ವವನ್ನು ಅದು ಅಂಗೀಕರಿಸಿತು.

ಅಂತರಜಾಲದ ಯುಗದಲ್ಲಿ ಈ ತತ್ತ್ವವು ಮತ್ತೊಮ್ಮೆ ಮರೆಯಾದಂತೆ ತೋರುತ್ತದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಬೋಧಕರು ಕೃತಕ ಬುದ್ಧಿಮತ್ತೆಯನ್ನು ಕುರಿತ ಪಾಠವನ್ನು ಎಲ್ಲರಿಗೂ ಉಚಿತವಾಗಿ ತೆರೆದಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಮುಗಿಸಿದವರು ಅವರಲ್ಲಿ ಒಂದು ಸಣ್ಣ ಪಾಲು. 2013ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾನಿಲಯವು ಯುಡಾಸಿಟಿ ಸಂಸ್ಥೆಯೊಡನೆ ಸೇರಿ, ಗಣಿತದಲ್ಲಿ ಹಿಂದುಳಿದವರಿಗೂ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಅಂತರಜಾಲದ ಪಾಠಗಳನ್ನು ನಡೆಸಿತು. ತೇರ್ಗಡೆಯಾದವರ ಪ್ರಮಾಣವು ನಿರಾಶಾದಾಯಕವಾಗಿದ್ದುದರಿಂದ ಅದೇ ಜುಲೈನಲ್ಲಿ ಪ್ರಯೋಗವನ್ನು ತಡೆಹಿಡಿಯಲಾಯಿತು. ಬೇಸಗೆಯ ತಂಡದ ಫಲಿತಾಂಶವೇನೋ ಉತ್ತಮವಾಗಿತ್ತು. ಆದರೆ ಆ ತಂಡದಲ್ಲಿ ಅರ್ಧದಷ್ಟು ಮಂದಿ ಆಗಲೇ ಪದವೀಧರರಾಗಿದ್ದರು. ಪ್ರಯೋಗವನ್ನು ಪರಿಶೀಲಿಸಿದವರು, ಉಳಿದೆಲ್ಲ ಅಂಶಗಳಿಗಿಂತಲೂ ವಿದ್ಯಾರ್ಥಿಯು ವಹಿಸಿದ ಶ್ರಮವೇ ಯಶಸ್ಸನ್ನು ನಿರ್ಧರಿಸಿತೆಂದು ಕಂಡುಕೊಂಡರು. ಶ್ರಮವನ್ನು ಎಲ್ಲಿ, ಯಾವಾಗ, ಹೇಗೆ ವಹಿಸಬೇಕೆಂಬುದಾದರೋ ಕಲಿತು ಬರುವ ವಿದ್ಯೆ.

2017ರಲ್ಲಿ ಭಾರತ ಸರ್ಕಾರವು ಆರಂಭಿಸಿದ 'ಸ್ವಯಂ' ವ್ಯವಸ್ಥೆಯಲ್ಲಿ ಪ್ರತಿಯೊಂದು ಪಾಠಕ್ಕೂ ನಾಲ್ಕು ಅಂಗಗಳು: ದೃಶ್ಯರೂಪದ ಉಪನ್ಯಾಸ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚಾವೇದಿಕೆ. ನಾಲ್ಕೂ ಉಪಯುಕ್ತವೇ. ಆದರೆ ಇವು ನಾಲ್ಕೂ ಪಾಠಕ್ಕೆ ಸಂಬಂಧಿಸಿದವು. ಪಾಠಕ್ಕೆ ಬರುವವನನ್ನು ಅಣಿಗೊಳಿಸುವ ಐದನೆಯ ಅಂಗವೊಂದು ಇವುಗಳಲ್ಲಿಲ್ಲ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣ ಕಾಲೇಜುಗಳು ಮುಚ್ಚಿದಾಗ ಈ ಕೊರತೆಯು ಎಲ್ಲರ ಕಣ್ಣಿಗೂ ಬಿತ್ತು. ಮಲೆನಾಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಮೊಬೈಲ್ ಸಂಕೇತಕ್ಕಾಗಿ ವಿದ್ಯಾರ್ಥಿಗಳು ಗುಡ್ಡವೇರಿದ್ದನ್ನು ಪತ್ರಿಕೆಗಳು ವರದಿಮಾಡಿದುವು. ಸಂಕೇತವು ದೊರೆತ ಮೇಲೂ, ಪಾಠವನ್ನು ಕೇಳಿ ಟಿಪ್ಪಣಿ ಮಾಡಿಕೊಳ್ಳುವುದಕ್ಕೆ, ವಾರದ ಕೆಲಸವನ್ನು ದಿನಗಳಿಗೆ ಹಂಚಿಕೊಳ್ಳುವುದಕ್ಕೆ, ತಿಳಿಯದುದನ್ನು ಅಧ್ಯಾಪಕರಿಗೆ ಸ್ಪಷ್ಟವಾಗಿ ಬರೆದು ಕೇಳುವುದಕ್ಕೆ ಅವರಿಗೆ ಯಾರೂ ಕಲಿಸಿರಲಿಲ್ಲ.

ವಯಸ್ಸಿಗೆ ಬಂದ ವಿದ್ಯಾರ್ಥಿಯು ತನ್ನ ಸಿದ್ಧತೆಯನ್ನು ತಾನೇ ಮಾಡಿಕೊಳ್ಳಬೇಕು, ಅದು ವಿಶ್ವವಿದ್ಯಾನಿಲಯದ ಕೆಲಸವಲ್ಲ ಎಂಬ ಆಕ್ಷೇಪವು ಬರಬಹುದು. 1858ರ ಲಂಡನ್ನಿನ ನಿಲುವು ಇದೇ ಆಗಿತ್ತು. ಅದರ ಫಲವೇನೆಂಬುದನ್ನು ಮೇಲೆ ನೋಡಿದ್ದೇವೆ: ಅನುಕೂಲವುಳ್ಳವರು ಸಿದ್ಧತೆಯನ್ನು ಹಣಕೊಟ್ಟು ಪಡೆದರು, ಉಳಿದವರು ಸೋಲನ್ನು ತಮ್ಮ ಅಯೋಗ್ಯತೆಯೆಂದೇ ಬಗೆದರು. 1971ರ ಬುನಾದಿ ಪಾಠ, ತಾತ್ಕಾಲಿಕ ದಾಖಲಾತಿ, ಸಲಹೆಗಾರ ಈ ಮೂರು ಏರ್ಪಾಡುಗಳಿಗೂ ಅಂತರಜಾಲದಲ್ಲಿ ಸ್ಥಳವುಂಟು. ಮೊದಲ ಮೂರು ನಾಲ್ಕು ವಾರಗಳನ್ನು ಕಲಿಯುವ ಕ್ರಮಕ್ಕೇ ಮೀಸಲಿಟ್ಟು, ಒಂದು ಸಣ್ಣ ಬರವಣಿಗೆಯನ್ನು ತಿದ್ದಿ ಮರಳಿಸಿ, ಹಿಂದೆ ಬಿದ್ದವನನ್ನು ಹೆಸರುಹಿಡಿದು ವಿಚಾರಿಸಿದಲ್ಲಿ ದೊರೆಯುವ ಫಲವು, ಉಪನ್ಯಾಸಗಳ ಸಂಖ್ಯೆಯನ್ನು ಹೆಚ್ಚಿಸುವುದರಿಂದ ದೊರೆಯಲಾರದೆಂಬುದು ನಮ್ಮ ಅಭಿಪ್ರಾಯ. ಬಾಗಿಲನ್ನು ತೆರೆದವರು ಮೆಟ್ಟಿಲನ್ನೂ ಕಟ್ಟಬೇಕು. ಇಲ್ಲವಾದರೆ ಹೊರಗುಳಿದವರ ಲೆಕ್ಕವನ್ನು ಬಾಗಿಲಿನ ಲೆಕ್ಕಕ್ಕೇ ಸೇರಿಸಬೇಕಾಗುತ್ತದೆ.