ಮಕ್ಕಳ ಸುರಕ್ಷತಾ ಗೇಟು

ಅಂಬೆಗಾಲಿಡುವ ಅಥವಾ ಆಗತಾನೆ ನಡೆಯಲು ಕಲಿತ ಮಗು ಮೆಟ್ಟಿಲು, ಅಡುಗೆಮನೆ, ಬಚ್ಚಲಿನ ಕಡೆ ಹೋಗದಂತೆ ಮನೆಯೊಳಗೆ ಹಾಕುವ ಗಿಡ್ಡ ತಡೆಬಾಗಿಲು. ಪೇಟೆಯಲ್ಲಿ ಇದರ ಹೆಸರು ಬೇಬಿ ಗೇಟ್. ಅಮೆರಿಕದ ಎ.ಎಸ್.ಟಿ.ಎಂ. ಎಫ್ 1004 ಮತ್ತು ಯುರೋಪಿನ ಇ.ಎನ್. 1930 ಇದಕ್ಕೆ ಸಂಬಂಧಿಸಿದ ಮುಖ್ಯ ಮಾನಕಗಳು. ಎರಡೂ 24 ತಿಂಗಳವರೆಗಿನ ಮಗುವನ್ನು ಗಮನದಲ್ಲಿಟ್ಟುಕೊಂಡಿವೆ. ದೊಡ್ಡವರು ಸುಲಭವಾಗಿ ತೆಗೆಯಬಲ್ಲ, ಮಗು ಎರಡು ಕೈ ಹಾಕಿದರೂ ತೆಗೆಯಲಾರದ ಚಿಲಕವೇ ಗೇಟಿನ ಜೀವಾಳ.

ವಸ್ತು ಹೊಸದಾದರೂ ವಿಚಾರ ಹಳೆಯದು. ಮಲೆನಾಡಿನ ಬೇಲಿಬಾಗಿಲುಗಳಾದ ದಣಪೆ, ಉಣಗೋಲುಗಳ ಕೆಲಸವೂ ಇದೇ: ದನ ನಿಲ್ಲಬೇಕು, ಮನುಷ್ಯ ದಾಟಬೇಕು. ಹಳೆಯ ಮನೆಗಳ ಎತ್ತರದ ಹೊಸ್ತಿಲು ತೆವಳುವ ಕೂಸನ್ನು ಕೆಲವು ದಿನವಾದರೂ ತಡೆದು ನಿಲ್ಲಿಸುತ್ತಿತ್ತು. ಮಗು ಅದನ್ನು ಮೊದಲ ಸಲ ದಾಟಿದ ದಿನ ಸಿಹಿ ಹಂಚುವ ಶಾಸ್ತ್ರ ಈಗಲೂ ಹಲವು ಮನೆಗಳಲ್ಲಿದೆ. ಉಪ್ಪರಿಗೆಯ ಕಡಿದಾದ ಮರದ ಮೆಟ್ಟಿಲಿಗೆ ಕೆಲವು ಮನೆಗಳಲ್ಲಿ ಮೇಲ್ತುದಿಯಲ್ಲಿ ಹಲಗೆಯ ಮುಚ್ಚಳವಿರುತ್ತಿತ್ತು. ಈಗಿನ ಡ್ಯುಪ್ಲೆಕ್ಸ್ ಮನೆಗಳಲ್ಲಿ ಒಳಬಾಗಿಲಿಗೆ ಹೊಸ್ತಿಲೂ ಇಲ್ಲ, ಮೆಟ್ಟಿಲಿಗೆ ಮುಚ್ಚಳವೂ ಇಲ್ಲ. ನುಣುಪಾದ ಗ್ರಾನೈಟ್ ಮೆಟ್ಟಿಲು ನಡುಮನೆಯಿಂದಲೇ ಮೇಲೇಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ, ದೆಹಲಿಯ ಮಕ್ಕಳೂ ಸೇರಿದ್ದ ಅಧ್ಯಯನದ ಪ್ರಕಾರ ಮಗು ಅಂಬೆಗಾಲಿಡುವುದು 5.2ರಿಂದ 13.5 ತಿಂಗಳೊಳಗೆ, ಆಸರೆಯಿಲ್ಲದೆ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಅಂತರ ಇಷ್ಟು ದೊಡ್ಡದಿರುವುದರಿಂದ ನೆರೆಮನೆಯ ಮಗುವಿನ ಲೆಕ್ಕ ನಮ್ಮ ಮನೆಗೆ ಹೊಂದುವುದಿಲ್ಲ. ಬೋರಲು ಬಿದ್ದ ಮಗು ಹೊಟ್ಟೆಯ ಮೇಲೆ ಮುಂದಕ್ಕೆ ಸರಿಯತೊಡಗಿತೆಂದರೆ ಗೇಟು ಹಾಕುವ ಕಾಲ ಬಂತೆಂದೇ ಅರ್ಥ.

ಬಗೆಗಳು

ಮುಖ್ಯವಾಗಿ ಎರಡೇ ಬಗೆ. ಮೊದಲನೆಯದು ಒತ್ತಿ ನಿಲ್ಲುವ ಗೇಟು. ಇದರ ನಾಲ್ಕು ಮೂಲೆಗಳಲ್ಲಿ ತಿರುಪು ಬೋಲ್ಟುಗಳಿರುತ್ತವೆ. ಅವನ್ನು ತಿರುಗಿಸಿದಂತೆ ಎರಡೂ ಬದಿಯ ಗೋಡೆಗೆ ಒತ್ತಿಕೊಂಡು ಗೇಟು ನಿಲ್ಲುತ್ತದೆ. ಗೋಡೆ ಕೊರೆಯಬೇಕಿಲ್ಲವಾದ್ದರಿಂದ ಬಾಡಿಗೆ ಮನೆಯವರಿಗೆ ಇದೇ ಪ್ರಿಯ. ಎರಡನೆಯದು ಗೋಡೆಗೋ ಬಾಗಿಲಿನ ಚೌಕಟ್ಟಿಗೋ ಸ್ಕ್ರೂ ಹೊಡೆದು ಕೂರಿಸುವ ಗೇಟು. ಬಟ್ಟೆಯ ಪರದೆಯಂತೆ ಒಂದು ಬದಿಗೆ ಸುತ್ತಿಕೊಳ್ಳುವ ಜಾಲರಿ ಗೇಟು ಈ ಎರಡನೆಯದರ ಇನ್ನೊಂದು ರೂಪ. ಅಗಲವಾದ ಹಾಲ್‌ಗೆ ಹಲವು ತುಂಡುಗಳನ್ನು ಜೋಡಿಸಿ ನಿಲ್ಲಿಸುವ ಬೇಲಿಯೂ ಸಿಗುತ್ತದೆ. ನಾಯಿಗೆಂದು ಮಾರುವ ಗೇಟು ನೋಡಲು ಹೀಗೇ ಇದ್ದರೂ ಮಕ್ಕಳ ಮಾನಕಕ್ಕೆ ಪರೀಕ್ಷೆಯಾಗಿರಬೇಕೆಂದಿಲ್ಲ.

ಮರದ ಪಟ್ಟಿಗಳನ್ನು ಕತ್ತರಿಯಂತೆ ಹೆಣೆದು ಮಡಚುವ ಹಳೆಯ ಗೇಟನ್ನು ಮಾತ್ರ ಯಾರು ಪುಕ್ಕಟೆ ಕೊಟ್ಟರೂ ತರಬಾರದು. ಅದರ ಮೇಲಂಚಿನ ವಿ ಆಕಾರದ ಸಂದಿನಲ್ಲಿ, ನಡುವಿನ ವಜ್ರಾಕಾರದ ಕಿಂಡಿಯಲ್ಲಿ ಮಗುವಿನ ಕುತ್ತಿಗೆ ಸಿಕ್ಕಿಕೊಂಡು ಸಾವುಗಳಾಗಿವೆ. ಅಂಥವುಗಳ ಮಾರಾಟ ಅಮೆರಿಕದಲ್ಲಿ 1985ರಲ್ಲೇ ನಿಂತಿತು.

ಎಲ್ಲಿ ಯಾವುದು

ಗೇಟಿನ ಬೆಲೆ, ಬಣ್ಣ, ಕಂಪನಿ ಯಾವುದಾದರೂ ಇರಲಿ, ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದು ಮೆಟ್ಟಿಲಿನ ಮೇಲ್ತುದಿಗೆ ಬೇಕೋ, ಬೇರೆ ಕಡೆಗೋ? ಮೇಲ್ತುದಿಗಾದರೆ ಸ್ಕ್ರೂ ಹೊಡೆದ ಗೇಟೇ ಆಗಬೇಕು, ಇದರಲ್ಲಿ ರಾಜಿಯಿಲ್ಲ. ಕಾರಣ ಎರಡು. ಒತ್ತಿ ನಿಂತದ್ದು ದಿನವೂ ತೆಗೆದು ಹಾಕುವ ಕುಲುಕಾಟಕ್ಕೆ ನಿಧಾನವಾಗಿ ಸಡಿಲಗೊಳ್ಳುತ್ತದೆ. ಮಗು ಹಿಡಿದು ಅಲುಗಾಡಿಸಿ ಒರಗಿದಾಗ ಅದು ಜಾರಿದರೆ ಗೇಟು, ಮಗು ಎರಡೂ ಕೆಳಕ್ಕೆ. ಜೊತೆಗೆ ಈ ಬಗೆಯ ಗೇಟಿನ ತಳದಲ್ಲಿ ನೆಲಕ್ಕೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ರಾತ್ರಿ ಮಗುವನ್ನು ಎತ್ತಿಕೊಂಡು ಇಳಿಯುವ ತಾಯಿಯೋ, ಕಣ್ಣು ಮಂಜಾದ ಅಜ್ಜಿಯೋ ಅದನ್ನು ಎಡವಿದರೆ ಮುಂದಿರುವುದು ಇಡೀ ಮೆಟ್ಟಿಲಸಾಲು. ಸ್ಕ್ರೂ ಗೇಟಿಗೆ ಆ ಪಟ್ಟಿ ಬೇಕಿಲ್ಲ. ಅದೂ ಮೆಟ್ಟಿಲಿನ ಕಡೆಗೆ ತೆರೆಯದೆ ಮಹಡಿಯ ಒಳಗಡೆಗೇ ತೆರೆಯುವಂತಿರಬೇಕು.

ಮೆಟ್ಟಿಲಿನ ಬುಡಕ್ಕೆ, ಅಡುಗೆಮನೆಗೆ, ಬಚ್ಚಲಿಗೆ, ದೀಪ ಉರಿಯುವ ದೇವರಕೋಣೆಗೆ ಒತ್ತಿ ನಿಲ್ಲುವ ಗೇಟು ನಡೆಯುತ್ತದೆ. ಬುಡದ ಗೇಟನ್ನು ಮೊದಲ ಮೆಟ್ಟಿಲಿನ ಅಂಚಿಗೇ ಸರಿಸಿ ನಿಲ್ಲಿಸಬೇಕು. ಬಚ್ಚಲನ್ನು ಹಗುರವಾಗಿ ಕಾಣುವವರಿಗೆ ಒಂದು ಮಾತು: ಈ ವಯಸ್ಸಿನ ಮಗುವಿನ ಮೈಗೆ ಹೋಲಿಸಿದರೆ ತಲೆ ಭಾರ, ಬಕೆಟ್ಟಿಗೆ ತಲೆಕೆಳಗಾಗಿ ಬಗ್ಗಿದರೆ ಮತ್ತೆ ಮೇಲೇಳಲಾರದು. ಅಲ್ಲಿ ಗೇಟಿಗಿಂತ ಬಾಗಿಲಿನ ಚಿಲಕ ಮೇಲು, ಬಕೆಟ್ ಬರಿದು ಮಾಡುವುದು ಇನ್ನೂ ಮೇಲು.

ಗೇಟಿನ ಪಕ್ಕದ ರೇಲಿಂಗನ್ನೂ ನೋಡಬೇಕು. ಮಹಡಿಯ ಅಂಚಿನ ಕಟ್ಟೆಗೋಡೆ, ಕೈಪಿಡಿಗಳು ಕನಿಷ್ಠ 1 ಮೀಟರ್ ಎತ್ತರವಿರಬೇಕೆಂದು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎತ್ತರವೇನೋ ಸರಿ, ಆದರೆ ಈಚೆಗೆ ನಮ್ಮಲ್ಲಿ ಚಾಲ್ತಿಗೆ ಬಂದಿರುವ ಅಡ್ಡಪೈಪುಗಳ ಸ್ಟೀಲ್ ರೇಲಿಂಗ್ ಮಗುವಿಗೆ ಹತ್ತಲು ಇಟ್ಟ ಏಣಿಯೇ ಸರಿ. ಅದಕ್ಕೆ ಒಳಬದಿಯಿಂದ ಅಕ್ರಿಲಿಕ್ ಹಾಳೆ ಅಥವಾ ಬಿಗಿಯಾದ ಜಾಲರಿ ಕಟ್ಟದಿದ್ದರೆ ಪಕ್ಕದ ಗೇಟಿಗೆ ಹಾಕಿದ ದುಡ್ಡು ದಂಡ.

ಆಯ್ಕೆ

ಅಮೆರಿಕದ ಮಾನಕದಂತೆ ಗೇಟಿನ ಎತ್ತರ ಕನಿಷ್ಠ 22 ಅಂಗುಲ, ಎಂದರೆ ಸುಮಾರು 56 ಸೆಂಟಿಮೀಟರ್. ಇ.ಎನ್. 1930 ಕೇಳುವುದು 65 ಸೆಂಟಿಮೀಟರ್. ಮನೆಯಲ್ಲಿ ನೋಡಿಕೊಳ್ಳಲು ಸುಲಭದ ಸೂತ್ರವೊಂದಿದೆ: ಗೇಟು ಮಗುವಿನ ಎತ್ತರದ ಮುಕ್ಕಾಲು ಪಾಲಿಗಿಂತ ಕಡಿಮೆ ಇರಬಾರದು. ಕಂಬಿಗಳು ನೆಟ್ಟಗಿರಬೇಕು, ನಡುವಿನ ಸಂದು 6 ಸೆಂಟಿಮೀಟರ್ ಆಸುಪಾಸು. ನೆಲಕ್ಕೂ ಗೇಟಿಗೂ ನಡುವೆ 5 ಸೆಂಟಿಮೀಟರಿಗಿಂತ ಹೆಚ್ಚು ಬಿಡದಿರುವುದು ಒಳ್ಳೆಯದು.

ಕೊಳ್ಳುವ ಮೊದಲು ಟೇಪು ಹಿಡಿಯಬೇಕು. ಒಳಬಾಗಿಲು ಮೂರಡಿ ಎಂದು ಮೇಸ್ತ್ರಿ ಹೇಳಿದ್ದರೂ ಚೌಕಟ್ಟಿನ ಒಳ ಅಳತೆ ಅದಕ್ಕಿಂತ ಕಡಿಮೆ ಬರುತ್ತದೆ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ನಮ್ಮ ಮನೆಗಳಲ್ಲಿ ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಇರುವುದರಿಂದ ಕೆಳಗಿನ ಅಳತೆ ಒಂದೆರಡು ಸೆಂಟಿಮೀಟರ್ ಕಿರಿದು. ಇದನ್ನು ಮರೆತು ತಂದ ಗೇಟು ಕೆಳಗೆ ಬಿಗಿ, ಮೇಲೆ ಸಡಿಲ.

ಕೂರಿಸುವುದು

ಒತ್ತಿ ನಿಲ್ಲುವ ಗೇಟಿನ ಡಬ್ಬಿಯಲ್ಲಿ ಬೋಲ್ಟಿನ ತುದಿ ಕೂರುವ ನಾಲ್ಕು ಪುಟ್ಟ ಬಟ್ಟಲುಗಳಿರುತ್ತವೆ. ಗೋಡೆ ಹಾಳಾಗುತ್ತದೆಂದು ಜನ ಅವನ್ನು ಡಬ್ಬಿಯಲ್ಲೇ ಬಿಡುವುದುಂಟು. ಇಡೀ ಜೋಡಣೆಯಲ್ಲಿ ಆಗುವ ದೊಡ್ಡ ತಪ್ಪು ಇದೇ. ಎ.ಎಸ್.ಟಿ.ಎಂ. ಪರೀಕ್ಷೆಯಲ್ಲಿ ಗೇಟಿನ ನಾಲ್ಕು ಮೂಲೆ ಮತ್ತು ನಡುವಿಗೆ, ಹೀಗೆ ಐದು ಕಡೆ, ಸುಮಾರು 13.6 ಕಿಲೋ ತೂಕದಷ್ಟು ಬಲ ಹಾಕಿ ನೂಕಿ ನೋಡುತ್ತಾರೆ. ಹಲವು ಗೇಟುಗಳು ಅದರಲ್ಲಿ ಗೆಲ್ಲುವುದು ಆ ಬಟ್ಟಲುಗಳಿದ್ದರೆ ಮಾತ್ರ. ಅಂಥ ಗೇಟುಗಳ ಮೇಲೆ ಬಟ್ಟಲು ಹಾಕಲೇಬೇಕೆಂಬ ಎಚ್ಚರಿಕೆ ಇರಬೇಕೆಂದು ಈ ಮಾನಕ ಹೇಳುತ್ತದೆ. 2020ರಲ್ಲಿ ಹೊರಟ ನಿಯಮದಿಂದ ಅಮೆರಿಕದಲ್ಲಿ ಇದು ಕಡ್ಡಾಯವಾಯಿತು.

ಸ್ಕ್ರೂ ಗೇಟಿಗೆ ಮರದ ಚೌಕಟ್ಟು ಸಿಕ್ಕರೆ ಅದೃಷ್ಟ. ಸಣ್ಣ ತೂತು ಮೊದಲು ಕೊರೆದು ನೇರ ಸ್ಕ್ರೂ ಬಿಗಿದರಾಯಿತು. ಇಟ್ಟಿಗೆ, ಕಾಂಕ್ರೀಟ್ ಗೋಡೆಯಾದರೆ ಡ್ರಿಲ್ ತೂತು ಗಾರೆಯ ಪದರ ದಾಟಿ ಇಟ್ಟಿಗೆಯೊಳಗೆ ಹೋಗಿರಬೇಕು, ಪ್ಲಗ್ ಅಲ್ಲಿ ಹಿಡಿಯಬೇಕು. ಬರೀ ಗಾರೆಯಲ್ಲಿ ಕೂತ ಸ್ಕ್ರೂ ನಾಲ್ಕು ದಿನಕ್ಕೆ ಪುಡಿಯೊಂದಿಗೆ ಹೊರಬರುತ್ತದೆ. ಹಗುರ ಬ್ಲಾಕಿನ ಗೋಡೆಗೆ ಅದಕ್ಕೆಂದೇ ಮಾಡಿದ ಪ್ಲಗ್ ಕೇಳಿ ತರಬೇಕು. ಜಿಪ್ಸಮ್ ಗೋಡೆಯಲ್ಲಿ ಒಳಗಿನ ಕಂಬಿ ಹುಡುಕದೆ ಸ್ಕ್ರೂ ಹೊಡೆಯುವುದು ವ್ಯರ್ಥ. ಮೆಟ್ಟಿಲಿನ ಒಂದು ಬದಿ ಗೋಡೆ, ಇನ್ನೊಂದು ಬದಿ ದುಂಡು ಸ್ಟೀಲ್ ಕಂಬವಿದ್ದಲ್ಲಿ ಕಂಬಕ್ಕೆ ಕ್ಲಾಂಪಿನಿಂದ ಮರದ ಹಲಗೆಯೊಂದನ್ನು ಬಿಗಿದು ಹಲಗೆಗೆ ಗೇಟು ಕೂರಿಸುತ್ತಾರೆ. ಕೊರೆಯಲು ಮನೆ ಮಾಲೀಕರು ಒಪ್ಪದಿದ್ದಾಗಲೂ ಕಂಬದ ಬದಿಗೆ ಇದೇ ಉಪಾಯ. ಗಾಜಿನ ರೇಲಿಂಗಿಗೆ ಮಾತ್ರ ಯಾವ ಗೇಟನ್ನೂ ಒತ್ತಿ ನಿಲ್ಲಿಸಬಾರದು.

ಬಳಕೆ, ತೆಗೆಯುವ ಕಾಲ

ಅಮೆರಿಕದಲ್ಲಿ 1990ರಿಂದ 2010ರವರೆಗೆ ಗೇಟಿನಿಂದಾದ ಗಾಯಕ್ಕೆ 37,000ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಿದ್ದರೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಎರಡು ವರ್ಷದೊಳಗಿನವರು ಹೆಚ್ಚಾಗಿ ಗಾಯಗೊಂಡದ್ದು ಗೇಟು ಕುಸಿದು ಅಥವಾ ತೆರೆದಿದ್ದು ಮೆಟ್ಟಿಲಿನಿಂದ ಬಿದ್ದು. ದೊಡ್ಡ ಮಕ್ಕಳು ಗೇಟು ಹತ್ತಲು ಹೋಗಿ, ಅದಕ್ಕೇ ಬಡಿದು ಗಾಯಮಾಡಿಕೊಂಡಿದ್ದರು. ಚಿಲಕ ಬಿಗಿಯೆಂದು ಮನೆಯವರು ಗೇಟನ್ನು ದಾಟಿಕೊಂಡೇ ಓಡಾಡತೊಡಗಿದರೆ ಮಗು ಅದನ್ನೇ ನೋಡಿ ಕಲಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಚಿಲಕವನ್ನು ಮೊದಲು ಅಜ್ಜ ಅಜ್ಜಿಯ ಕೈಗೆ ಕೊಟ್ಟು ನೋಡುವುದು ಜಾಣತನ. ಅವರಿಗೆ ಬಾರದ ಚಿಲಕ ಹಗಲೆಲ್ಲ ತೆರೆದೇ ಇರುತ್ತದೆ. ವಾರಕ್ಕೊಮ್ಮೆ ಬೋಲ್ಟು, ಸ್ಕ್ರೂಗಳ ಬಿಗಿ ನೋಡಬೇಕು.

ಮಗುವಿಗೆ ಎರಡು ವರ್ಷ ತುಂಬಿದಾಗ, ಎತ್ತರ 90 ಸೆಂಟಿಮೀಟರ್ ಮುಟ್ಟಿದಾಗ, ಅಥವಾ ಒಂದು ಸಲವಾದರೂ ಗೇಟು ಹತ್ತಿದ್ದು ಕಂಡಾಗ, ಇವುಗಳಲ್ಲಿ ಯಾವುದು ಮೊದಲೋ ಅಂದೇ ಗೇಟು ತೆಗೆಯಬೇಕು. ತೆಗೆದದ್ದನ್ನು ತಂಗಿಯ ಮನೆಗೋ ನೆರೆಮನೆಗೋ ಕೊಡುವುದು ನಮ್ಮಲ್ಲಿ ರೂಢಿ. ಕೊಡುವುದಾದರೆ ಬಟ್ಟಲು, ಬೋಲ್ಟು, ಜೋಡಣೆಯ ಚೀಟಿ ಎಲ್ಲ ಸೇರಿಸಿ ಕೊಡಿ. ಒಂದು ಬಟ್ಟಲು ಕಳೆದಿದ್ದರೂ ಆ ಗೇಟು ಗುಜರಿಗೆ ಸೇರಲಿ.